ವಾಷಿಂಗ್ಟನ್ ಪೋಸ್ಟ್‌ನ ‘ಫೇಟಲ್ ಫೋರ್ಸ್’ ಡೇಟಾಬೇಸ್: ಬಳಸುವವರಿಗೆ ಹೇಗಿದೆ?

ಅಮೆರಿಕದ ಪೊಲೀಸರ ಗುಂಡಿಗೆ ವರ್ಷಕ್ಕೆ ಎಷ್ಟು ಜನ ಬಲಿಯಾಗುತ್ತಾರೆ ಎಂಬ ಮಾತು ಬಂದರೆ ಯಾರಾದರೊಬ್ಬರು ‘ಸಾವಿರ’ ಎಂದೇ ಎನ್ನುತ್ತಾರೆ. ಆ ಸಾವಿರದ ಮೂಲ ಹೆಚ್ಚಾಗಿ ಇದೇ ಡೇಟಾಬೇಸ್. 2014ರ ಆಗಸ್ಟ್‌ನಲ್ಲಿ ಫರ್ಗ್ಯುಸನ್‌ನಲ್ಲಿ ಮೈಕಲ್ ಬ್ರೌನ್ ಎಂಬ ಕಪ್ಪು ಯುವಕ ಪೊಲೀಸನ ಗುಂಡಿಗೆ ಬಲಿಯಾದಾಗ ಸರ್ಕಾರದ ಬಳಿ ದೇಶದ ಪೂರ್ತಿ ಲೆಕ್ಕವೇ ಇರಲಿಲ್ಲ. ಎಫ್‌ಬಿಐ ದಾಖಲೆಯಲ್ಲಿ ವರ್ಷಕ್ಕೆ ನಾನೂರು ಚಿಲ್ಲರೆ ‘ಸಮರ್ಥನೀಯ ಹತ್ಯೆ’ಗಳು (ಪೊಲೀಸರು ಕರ್ತವ್ಯದಲ್ಲಿ ಅಪರಾಧಿಯನ್ನು ಕೊಂದ ಪ್ರಕರಣಗಳು) ಕಾಣುತ್ತಿದ್ದವು, ಅಷ್ಟೇ. 2015ರ ಜನವರಿಯಿಂದ ಪತ್ರಿಕೆ ತಾನೇ ಎಣಿಸಲು ಕೂತಿತು. ಮೊದಲ ವರ್ಷವೇ ಎಫ್‌ಬಿಐ ಲೆಕ್ಕದ ಎರಡು ಪಟ್ಟಿಗೂ ಹೆಚ್ಚು ಸಿಕ್ಕಿತು. 2016ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂತು. 2024ರ ಕೊನೆಗೆ ಎಣಿಕೆ ನಿಲ್ಲಿಸಿದ್ದಾರೆ. ಹತ್ತು ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸಾಲುಗಳಿವೆ.

ದುಡ್ಡು ಕೊಡಬೇಕಿಲ್ಲ, ಖಾತೆಯೂ ಬೇಕಿಲ್ಲ. ಗಿಟ್‌ಹಬ್‌ನಲ್ಲಿರುವ ಪತ್ರಿಕೆಯ ಪುಟದಿಂದ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಕೋಷ್ಟಕದ ಫೈಲು) ಇಳಿಸಿಕೊಳ್ಳಬಹುದು. ಹಳೆಯ ಆವೃತ್ತಿ ಬಿಟ್ಟು ವಿ2 ತೆಗೆದುಕೊಳ್ಳಿ. ಅದರಲ್ಲಿ ಎರಡು ಫೈಲುಗಳಿವೆ: ಒಂದರಲ್ಲಿ ಸಾವುಗಳು, ಇನ್ನೊಂದರಲ್ಲಿ ಪೊಲೀಸ್ ಇಲಾಖೆಗಳು. ಏಜೆನ್ಸಿ ಐಡಿ ಕಾಲಂ ಮೂಲಕ ಎರಡನ್ನೂ ಜೋಡಿಸಬೇಕು. ಅವಸರದವರು ಎಡವುವುದು ಇಲ್ಲೇ. ಒಂದು ಘಟನೆಯಲ್ಲಿ ಎರಡು ಮೂರು ಇಲಾಖೆಗಳಿದ್ದರೆ ಐಡಿಗಳು ಅರ್ಧವಿರಾಮ ಹಾಕಿಕೊಂಡು ಒಂದೇ ಕೋಶದಲ್ಲಿ ಕೂತಿರುತ್ತವೆ. ಹಾಗೇ ಜೋಡಿಸಿದರೆ ಆ ಸಾಲುಗಳು ಸದ್ದಿಲ್ಲದೆ ಕಾಣೆಯಾಗುತ್ತವೆ. ಬಿಡಿಸಿ ಜೋಡಿಸಿದರೆ ಒಂದು ಸಾವು ಎರಡಾಗಿ ಎಣಿಕೆಯಾಗುತ್ತದೆ. ಇಲಾಖೆವಾರು ಲೆಕ್ಕಕ್ಕೆ ಬಿಡಿಸಿದ ಪ್ರತಿ, ದೇಶದ ಲೆಕ್ಕಕ್ಕೆ ಮೂಲ ಪ್ರತಿ, ಹೀಗೆ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಜನಾಂಗದ ಕಾಲಂನಲ್ಲೂ ಇದೇ ರೀತಿ ಎರಡು ಅಕ್ಷರಗಳು ಜೊತೆಯಾಗಿ ಬರುವುದುಂಟು.

ಈ ಡೇಟಾಬೇಸಿನ ಗಡಿ ಬಹಳ ಕಿರಿದು, ಅದನ್ನು ಅವರು ಮುಚ್ಚಿಟ್ಟೂ ಇಲ್ಲ. ಕರ್ತವ್ಯದಲ್ಲಿದ್ದ ಪೊಲೀಸರು ಗುಂಡು ಹಾರಿಸಿ ಕೊಂದ ಪ್ರಕರಣ ಮಾತ್ರ ಇಲ್ಲಿ ಸೇರುತ್ತದೆ. ಹಾಗಾಗಿ 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನಡಿ ಸತ್ತ ಜಾರ್ಜ್ ಫ್ಲಾಯ್ಡ್ ಇದರಲ್ಲಿಲ್ಲ. 2015ರಲ್ಲಿ ಬಾಲ್ಟಿಮೋರ್ ಪೊಲೀಸ್ ವ್ಯಾನಿನಲ್ಲಿ ಕುತ್ತಿಗೆ ಮುರಿದುಕೊಂಡು ಬಳಿಕ ಸತ್ತ ಫ್ರೆಡಿ ಗ್ರೇ ಇಲ್ಲ, 2023ರಲ್ಲಿ ಮೆಂಫಿಸ್ ಪೊಲೀಸರ ಹೊಡೆತಕ್ಕೆ ಸತ್ತ ಟೈರೀ ನಿಕೋಲ್ಸ್ ಇಲ್ಲ. ಲೂಯಿವಿಲ್‌ನ ಬ್ರಿಯೋನಾ ಟೇಲರ್ ಪೊಲೀಸರ ಗುಂಡಿಗೇ ಬಲಿಯಾದ್ದರಿಂದ ಇದ್ದಾರೆ. ಇಡೀ ಚರ್ಚೆಗೆ ಬೆಂಕಿ ಹಚ್ಚಿದ ಹೆಸರುಗಳಲ್ಲಿ ಅರ್ಧ ಇಲ್ಲದ ಪಟ್ಟಿ ಇದು. ಗುಂಡು ತಗುಲಿಯೂ ಬದುಕಿದವರಂತೂ ಸೇರುವುದೇ ಇಲ್ಲ. ಗುರಿ ಎರಡಿಂಚು ತಪ್ಪಿದರೆ, ಆಸ್ಪತ್ರೆ ಹತ್ತಿರವಿದ್ದರೆ ಘಟನೆಯೇ ದಾಖಲೆಯಿಂದ ಹೊರಗೆ. ಇಲಾಖೆ ಇಲಾಖೆಗಳನ್ನು ಹೋಲಿಸುವಾಗ ಇದು ದೊಡ್ಡ ಕೊರತೆ.

ನಿಜವಾದ ಕೆಲಸವಿರುವುದು ಮೂರು ಕಾಲಂಗಳಲ್ಲಿ: ಬಳಿ ಯಾವ ಆಯುಧವಿತ್ತು (ಆರ್ಮ್ಡ್ ವಿತ್), ಬೆದರಿಕೆಯ ಬಗೆ (ಥ್ರೆಟ್ ಟೈಪ್), ಓಡಿಹೋಗುತ್ತಿದ್ದರೇ ಇಲ್ಲವೇ (ಫ್ಲೀ ಸ್ಟೇಟಸ್). ಮೊದಲನೆಯದರಲ್ಲಿ ಬಂದೂಕು, ಚಾಕು, ವಾಹನ, ನಕಲಿ ಆಯುಧ, ನಿರಾಯುಧ, ಗೊತ್ತಿಲ್ಲ ಮುಂತಾದ ಗುರುತುಗಳಿವೆ. ‘ಬಂದೂಕು’ ಎಂದು ಕಂಡ ಕೂಡಲೇ ಪೊಲೀಸರತ್ತ ಗುರಿಯಿಟ್ಟಿದ್ದ ಎಂದು ಓದಬಾರದು. 2016ರಲ್ಲಿ ಮಿನ್ನೆಸೋಟದಲ್ಲಿ ಕಾರು ತಡೆದಾಗ ಸತ್ತ ಫಿಲಾಂಡೋ ಕ್ಯಾಸ್ಟಿಲ್ ಬಳಿ ಪರವಾನಗಿಯ ಬಂದೂಕಿತ್ತು, ಅದನ್ನು ಅವರೇ ಪೊಲೀಸನಿಗೆ ಹೇಳಿದ್ದರು. ಆಯುಧ ಇದ್ದದ್ದು ಬೇರೆ, ಎತ್ತಿದ್ದು ಬೇರೆ. ಎರಡನೆಯ ಕಾಲಂ ಅದನ್ನೇ ಬಿಡಿಸುತ್ತದೆ: ಗುಂಡು ಹಾರಿಸಿದ, ಗುರಿಯಿಟ್ಟ, ಹಲ್ಲೆ ಮಾಡಿದ, ಆಯುಧ ಕಾಣುವಂತೆ ಇತ್ತು, ಬೆದರಿಕೆ ಎನಿಸುವಂತೆ ಚಲಿಸಿದ. ಒಂದೇ ಕಾಲಂನ ಮೇಲೆ ಪೈ ಚಾರ್ಟ್ ಮಾಡಿ ಹಂಚುವವರ ಕೈಯಲ್ಲಿ ಪೊಲೀಸರ ಪರ, ವಿರೋಧ ಎರಡೂ ಪಕ್ಷಕ್ಕೆ ಬೇಕಾದ ಸುಳ್ಳು ಹುಟ್ಟುತ್ತದೆ. ಎರಡನ್ನೂ ಅಡ್ಡ-ಉದ್ದ ಇಟ್ಟು ಪಿವಟ್ ಟೇಬಲ್ ಮಾಡಿ ನೋಡಿ.

ಇದರಲ್ಲೂ ಒಂದು ತೊಡಕಿದೆ. ಬೆದರಿಕೆಯ ಕಾಲಂ ಹಿಡಿದಿಡುವುದು ಕೊನೆಯ ಕ್ಷಣವನ್ನಷ್ಟೇ. ಅದಕ್ಕೆ ಮೊದಲು ಪೊಲೀಸನೇ ಚಲಿಸುವ ಕಾರಿನ ಮೇಲೆ ಹಾರಿದನೇ, ದೂರ ನಿಲ್ಲಬಹುದಿತ್ತೇ ಎಂಬುದಕ್ಕೆ ಜಾಗವಿಲ್ಲ. 2025ರ ಮೇನಲ್ಲಿ ಬಾರ್ನ್ಸ್ ವಿರುದ್ಧ ಫೆಲಿಕ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬೆದರಿಕೆಯ ಕ್ಷಣವೊಂದನ್ನೇ ನೋಡಿದರೆ ಸಾಲದು, ಒಟ್ಟು ಸಂದರ್ಭ ನೋಡಬೇಕು ಎಂದು ಒಮ್ಮತದಿಂದ ಹೇಳಿದೆ. ಆ ತೀರ್ಪಿನ ಕಣ್ಣಿಂದ ನೋಡಲು ಈ ಫೈಲು ಸಾಲದು. ಬಲಪ್ರಯೋಗ ಕಾನೂನುಬದ್ಧವೇ ಎಂಬ ಕಾಲಂ ಕೂಡ ಇದರಲ್ಲಿಲ್ಲ, ಇರಬೇಕಿತ್ತು ಎಂದು ಕೇಳುವುದೂ ನ್ಯಾಯವಲ್ಲ.

ಹೌದು-ಇಲ್ಲ ಕಾಲಂಗಳ ಬಗ್ಗೆ ಎಚ್ಚರ. ಮಾನಸಿಕ ಅಸ್ವಸ್ಥತೆಯ ಎದುರು ‘ಇಲ್ಲ’ ಎಂದಿದ್ದರೆ ವರದಿಗಳಲ್ಲಿ ಅದರ ಪ್ರಸ್ತಾಪ ಬಂದಿಲ್ಲ ಎಂದಷ್ಟೇ ಅರ್ಥ. ಸರಿಸುಮಾರು ಐದರಲ್ಲಿ ಒಂದು ಪ್ರಕರಣ ‘ಹೌದು’ ಅನ್ನುತ್ತದೆ, ಅದನ್ನು ಕನಿಷ್ಠ ಮಿತಿ ಎಂದು ಹಿಡಿಯಿರಿ. ಬಾಡಿ ಕ್ಯಾಮೆರಾ ಕಾಲಂ ಕೂಡ ಹಾಗೇ.

ಇನ್ನು ಛೇದದ ಜಗಳ, ಅಂದರೆ ಸಾವಿನ ಸಂಖ್ಯೆಯನ್ನು ಯಾವುದರಿಂದ ಭಾಗಿಸಬೇಕು ಎಂಬುದು. ಬರೀ ತಲೆ ಎಣಿಸಿದರೆ ಸತ್ತವರಲ್ಲಿ ಬಿಳಿಯರೇ ಹೆಚ್ಚು. ಜನಸಂಖ್ಯೆಗೆ ಭಾಗಿಸಿದರೆ ಕಪ್ಪುಜನರ ದರ ಬಿಳಿಯರ ದರದ ಎರಡು ಪಟ್ಟಿಗೂ ಮೇಲೆ. ಬಂಧನದ ಸಂಖ್ಯೆಗೆ ಭಾಗಿಸಿದರೆ ಅಂತರ ಕುಗ್ಗುತ್ತದೆ, ಆದರೆ ಬಂಧನದಲ್ಲೇ ತಾರತಮ್ಯವಿದ್ದರೆ ಆ ಛೇದವೇ ಕಲುಷಿತ. ಪೊಲೀಸನ ಜನಾಂಗಕ್ಕೂ ಸತ್ತವರ ಜನಾಂಗಕ್ಕೂ ನಂಟು ಹುಡುಕಿ 2019ರಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆ ಪಿಎನ್‌ಎಎಸ್‌ನಲ್ಲಿ ಬಂದ ಪ್ರಬಂಧವೊಂದನ್ನು ಮರುವರ್ಷ ಲೇಖಕರೇ ಹಿಂಪಡೆದರು. ಸತ್ತವರಲ್ಲಿ ಯಾವ ಜನಾಂಗದವರು ಎಷ್ಟು ಎಂಬ ಲೆಕ್ಕದಿಂದ, ಯಾವ ಜನಾಂಗದವರಿಗೆ ಗುಂಡು ಬೀಳುವ ಸಂಭವ ಎಷ್ಟು ಎಂಬುದಕ್ಕೆ ಉತ್ತರ ಹೊರಡುವುದಿಲ್ಲ. ಈ ಫೈಲಿನಲ್ಲಿರುವುದು ಮೊದಲನೆಯದು ಮಾತ್ರ.

ಬದಲಿ ಏನಿದೆ? ಪೊಲೀಸ್ ಸುಧಾರಣೆಗೆ ಹೋರಾಡುವ ಕ್ಯಾಂಪೇನ್ ಝೀರೋ ಸಂಘಟನೆಯವರ ‘ಮ್ಯಾಪಿಂಗ್ ಪೊಲೀಸ್ ವಯಲೆನ್ಸ್’ 2013ರಿಂದ ಎಣಿಸುತ್ತಿದೆ. ಟೇಸರ್ (ವಿದ್ಯುತ್ ಆಘಾತ ಕೊಡುವ ಆಯುಧ), ಅದುಮಿಡುವಿಕೆ, ಹೊಡೆತ, ರಜೆಯಲ್ಲಿದ್ದ ಪೊಲೀಸ್ ಎಲ್ಲವೂ ಅದರಲ್ಲಿ ಸೇರುತ್ತವೆ, ಪೊಲೀಸನ ಮೇಲೆ ಆರೋಪಪಟ್ಟಿ ಬಿತ್ತೇ ಎಂಬ ಕಾಲಂ ಕೂಡ ಇದೆ. ಆದ್ದರಿಂದ ಅದರ ಒಟ್ಟು ಸಂಖ್ಯೆ ಯಾವಾಗಲೂ ಪೋಸ್ಟ್‌ಗಿಂತ ಹೆಚ್ಚು. ಎರಡನ್ನೂ ಒಂದೇ ಗ್ರಾಫಿನಲ್ಲಿ ಬೆರೆಸಿ ‘2025ರಲ್ಲಿ ಏರಿಕೆ’ ಎಂದು ಬರೆಯುವ ಅಪಾಯ ಈಗ ಪೋಸ್ಟ್ ನಿಂತ ಮೇಲೆ ಜಾಸ್ತಿ. ಸುಧಾರಣೆಗೆ ಹೋರಾಡುವ ಸಂಘಟನೆಯ ಲೆಕ್ಕ ಎಂದು ಅದನ್ನು ತಳ್ಳಿಹಾಕುವವರಿದ್ದಾರೆ, ಆದರೆ ಬರೀ ಗುಂಡೇಟನ್ನು ಸೋಸಿ ತೆಗೆದರೆ ಎರಡೂ ಪಟ್ಟಿ ಬಹುಮಟ್ಟಿಗೆ ಹೊಂದುತ್ತವೆ.

ಎಫ್‌ಬಿಐ 2019ರಲ್ಲಿ ಶುರುಮಾಡಿದ ಬಲಪ್ರಯೋಗ ಸಂಗ್ರಹ ಕಾಗದದ ಮೇಲೆ ಇವೆರಡಕ್ಕಿಂತ ವಿಶಾಲ: ಸಾವು, ಗಂಭೀರ ಗಾಯ, ವ್ಯಕ್ತಿಯತ್ತ ಹಾರಿಸಿ ತಪ್ಪಿದ ಗುಂಡು ಮೂರನ್ನೂ ಕೇಳುತ್ತದೆ. ಆದರೆ ಇಲಾಖೆಗಳು ಮನಸ್ಸಿದ್ದರೆ ಮಾತ್ರ ಕೊಡುತ್ತವೆ. ದೇಶದ ಶೇ 80ರಷ್ಟು ಪೊಲೀಸರ ಲೆಕ್ಕ ಸೇರುವವರೆಗೆ ಪೂರ್ತಿ ಸಂಖ್ಯೆ ಪ್ರಕಟಿಸುವುದಿಲ್ಲ ಎಂಬುದು ಆ ಸಂಗ್ರಹದ ನಿಯಮ, ಸತ್ತವರ ಹೆಸರಂತೂ ಇಲ್ಲ. ಹೆಸರಿಲ್ಲದಿದ್ದರೆ ಸ್ಥಳೀಯ ಪತ್ರಿಕೆಯ ವರದಿಯ ಜೊತೆ ತಾಳೆ ನೋಡುವುದು ಹೇಗೆ?

2015ರಿಂದ 2024ರವರೆಗಿನ ಗುಂಡೇಟುಗಳಿಗೆ ಪೋಸ್ಟ್ ಫೈಲೇ ಮೊದಲ ಆಯ್ಕೆ, ಐದಕ್ಕೆ ನಾಲ್ಕು ನಕ್ಷತ್ರ. ಅದಕ್ಕಿಂತ ಮುಂದಿನದಕ್ಕೆ, ಗುಂಡಿಲ್ಲದ ಸಾವುಗಳಿಗೆ ಮ್ಯಾಪಿಂಗ್‌ನ ಫೈಲು. ಅದು ಹಳೆಯ ಸಾಲುಗಳನ್ನೂ ತಿದ್ದುತ್ತಿರುವುದರಿಂದ ಇಳಿಸಿಕೊಂಡ ತಾರೀಖನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ.