ಡ್ರೈವ್‌ವೇ ಸೀಲರ್: ನಾಲ್ಕು ಬೇಸಿಗೆ ಬಳಸಿದ ಮೇಲೆ

ಗ್ಯಾರೇಜ್ ಬಾಗಿಲಿನಿಂದ ನಾಲ್ಕು ಹೆಜ್ಜೆ ಆಚೆ, ಡ್ರೈವ್‌ವೇ ಮೇಲೆ, ಅಂದರೆ ಕಾರು ಒಳಬರುವ ಡಾಂಬರು ಹಾದಿಯ ಮೇಲೆ, ಅಂಗೈ ಅಗಲದ ಒಂದು ಕಲೆ. ಹೋದ ಜೂನ್‌ನಲ್ಲಿ ಲಾನ್‌ಮೋವರ್‌ಗೆ ಪೆಟ್ರೋಲ್ ಹಾಕುವಾಗ ಕ್ಯಾನ್ ತುಳುಕಿತು. ಒಳಗಿಂದ ಹಳೇ ಬಟ್ಟೆ ತಂದು ಒರೆಸಿದರೆ ಪೆಟ್ರೋಲ್ ಜೊತೆ ಸೀಲರ್ (ಡಾಂಬರನ್ನು ಕಾಪಾಡಲು ಹಚ್ಚುವ ಕಪ್ಪು ಲೇಪ) ಕೂಡ ಎದ್ದು ಬಂತು. ಮಾರನೇ ದಿನ ಅಲ್ಲಿ ಜಲ್ಲಿ ಕಾಣುತ್ತಿತ್ತು. ಬಕೆಟ್ ಮೇಲೆ ಮಾತ್ರ ದಪ್ಪ ಅಕ್ಷರದಲ್ಲಿ ‘ಪೆಟ್ರೋಲ್, ಆಯಿಲ್ ತಡೆಯುತ್ತದೆ’ ಎಂದಿದೆ.

ನಾವಿರುವುದು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ. ಬೇಸಿಗೆಯ ಬಿಸಿಲಿಗೆ ಡಾಂಬರು ಬೂದಿ ಬಣ್ಣಕ್ಕೆ ತಿರುಗುತ್ತದೆ, ಚಳಿಗಾಲದಲ್ಲಿ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಅದನ್ನೇ ಸೀಳುತ್ತದೆ. ಕಂಟ್ರಾಕ್ಟರ್ ಕೇಳಿದ ದುಡ್ಡಿಗೆ ಎದೆ ಧಸಕ್ಕೆಂದು ನಾನೇ ಹಚ್ಚಲು ಶುರುಮಾಡಿದೆ. ಈವರೆಗೆ ಎರಡು ಸಲ. 5 ಗ್ಯಾಲನ್‌ನ ಎರಡು ಬಕೆಟ್ ಸಾಕೆಂದು ಲೇಬಲ್ ಲೆಕ್ಕ. ನಮ್ಮ ಹಳೇ ಡಾಂಬರು ಮೂರು ಕುಡಿಯಿತು.

ಹಚ್ಚುವ ಕೆಲಸ ಮಾತ್ರ ನನಗೆ ತುಂಬಾ ಇಷ್ಟ. ಹಿಂದಿನ ರಾತ್ರಿಯೇ ಬಕೆಟ್ ತಲೆಕೆಳಗಾಗಿ ಇಡುತ್ತೇನೆ, ಅಡಿಯ ಗಷ್ಟು ಸಡಿಲವಾಗುತ್ತದೆ. ಬೆಳಿಗ್ಗೆ ಕಾಫಿ ಮುಗಿಸಿ, ಆಯಿಲ್ ಜಿಡ್ಡನ್ನು ಪಾತ್ರೆ ಸೋಪಿನಲ್ಲಿ ತಿಕ್ಕಿ, ಒಣಗಿದ ಮೇಲೆ ಸ್ಕ್ವೀಜಿ (ಉದ್ದ ಹಿಡಿಯ ರಬ್ಬರ್ ಪಟ್ಟಿ) ಹಿಡಿಯುವುದು. ಮೊದಲ ಸಲ ಹಚ್ಚುವಾಗ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿ, “ಸಗಣಿಗೆ ಸೆಲ್ಲಿನ ಮಸಿ ಬೆರೆಸಿ ಅಂಗಳ ಸಾರಿಸ್ತಿದ್ವಲ್ಲ, ಅದೇ ತಾನೆ ಇದು? ತೆಳ್ಳಗೆ ಎಳಿ ಮಾರಾಯ, ದಪ್ಪ ಆದ್ರೆ ಚಕ್ಕೆ ಏಳ್ತದೆ” ಅಂದರು. ಲೇಬಲ್‌ನಲ್ಲೂ ಅದೇ ಇತ್ತು: ಒಂದು ದಪ್ಪ ಪದರ ಬೇಡ, ತೆಳ್ಳಗೆ ಎರಡು. ಎರಡು ದಿನ ಕಾರು ರಸ್ತೆಯಲ್ಲಿ ನಿಂತಿತು. ಮೂರನೇ ದಿನ ಬೆಳಿಗ್ಗೆ ಆ ಕಪ್ಪಿನ ಮೇಲೆ ಅಮ್ಮನ ರಂಗೋಲಿ. ಕಾರು ಹತ್ತಿಸಲು ಮನಸ್ಸೇ ಬರಲಿಲ್ಲ.

ಪೆಟ್ರೋಲ್ ವಿಷಯಕ್ಕೆ ಬರುತ್ತೇನೆ. ಸಿಟ್ಟಿನಲ್ಲಿ ಓದುತ್ತಾ ಹೋದಾಗ ಗೊತ್ತಾದದ್ದು: ನಾನು ಹಚ್ಚಿದ್ದು ಡಾಂಬರು ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ಡಾಂಬರು. ಡಾಂಬರು, ಪೆಟ್ರೋಲ್ ಎರಡೂ ಒಂದೇ ಕಚ್ಚಾ ತೈಲದ ಕೂಸುಗಳು. ಒಂದು ಇನ್ನೊಂದನ್ನು ಕರಗಿಸದೆ ಇನ್ನೇನು? ನಿಜವಾಗಿ ಪೆಟ್ರೋಲ್ ತಡೆಯುತ್ತಿದ್ದದ್ದು ಕಲ್ಲಿದ್ದಲ ಟಾರಿನ ಸೀಲರ್. ವಿಮಾನ ನಿಲ್ಲುವ ಜಾಗಗಳಿಗೂ ಅದನ್ನು ಹಚ್ಚುತ್ತಿದ್ದರು. ಆದರೆ ಅದರಲ್ಲಿ ಕ್ಯಾನ್ಸರ್ ತರಬಲ್ಲ ಪಿಎಎಚ್ ರಾಸಾಯನಿಕಗಳು ವಿಪರೀತ. ಸವೆದ ಪುಡಿ ಚಪ್ಪಲಿಗಂಟಿ ಮನೆಯೊಳಗೂ, ಮಳೆನೀರಿನಲ್ಲಿ ಕೊಳಕ್ಕೂ ಸೇರುತ್ತದೆ. ಟೆಕ್ಸಸ್‌ನ ಆಸ್ಟಿನ್ ನಗರ ಅದನ್ನು 2006ರಲ್ಲೇ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ 2014ರ ಜನವರಿಯಿಂದ ಇಲ್ಲ. ನಮ್ಮ ಡ್ರೈವ್‌ವೇ ನೀರು ಹೋಗುವುದು ಹಿಂದಿನ ಕೊಳಕ್ಕೆ, ಮಗ ಕಪ್ಪೆ ಹಿಡಿಯುವುದೂ ಅಲ್ಲೇ. ಹಾಗಾಗಿ ಸೀಲರ್ ಮೇಲಿನ ಸಿಟ್ಟು ಇಳಿಯಿತು, ಲೇಬಲ್ ಬರೆದವರ ಮೇಲಿನದು ಇಳಿದಿಲ್ಲ.

ಚಳಿಗಾಲ? ಟೈರ್ ಓಡಾಡುವ ಸಾಲಿನಲ್ಲಿ ಎರಡನೇ ವರ್ಷಕ್ಕೇ ಸವೆಯಿತು. ಹಳೇ ಬಿರುಕು ಮತ್ತೆ ಬಾಯಿಬಿಟ್ಟಿತು, ಅದಕ್ಕೆ ಫಿಲ್ಲರ್ ಬೇರೆಯೇ ಬೇಕು. ಉಳಿದ ಕಡೆ ಚೆನ್ನಾಗಿದೆ, ಬಿಸಿಲು ಬಂದ ದಿನ ಅಳಿದುಳಿದ ಹಿಮವೂ ಬೇಗ ಕರಗುತ್ತದೆ.

ಮೂರು ಸ್ಟಾರ್. ಮುಂದಿನ ಬೇಸಿಗೆಗೂ ಇದನ್ನೇ ತರುತ್ತೇನೆ, ಮೂರು ಬಕೆಟ್. ಮೋವರ್‌ಗೆ ಪೆಟ್ರೋಲ್ ಹಾಕುವುದು ಈಗ ಹಳೇ ಬೇಕಿಂಗ್ ಟ್ರೇ ಮೇಲೆ ನಿಲ್ಲಿಸಿ.