ಮೈನಸ್ 20ರ ಬೆಳಗ್ಗೆ ಡೀಸೆಲ್ ಇಂಜಿನ್: ಹೀಟರ್ ಪ್ಲಗ್, ಈಥರ್, ಬ್ಲಾಕ್ ಹೀಟರ್ ಪೈಕಿ ಯಾವುದು?

ಮೈನಸ್ 20 ಡಿಗ್ರಿಯ ಬೆಳಗ್ಗೆ ಕೀ ತಿರುಗಿಸಿದರೆ ಬರೋ ಸದ್ದೇ ಬೇರೆ. ಬೇಸಿಗೆಯಲ್ಲಿ ಗಿರ್ರನೆ ತಿರುಗೋ ಸೆಲ್ಫ್ ಆವತ್ತು ಕೆಸರಲ್ಲಿ ಹೂತ ಗಾಡಿ ಎಳೆಯೋ ಎತ್ತಿನ ಹಾಗೆ ಮುಲುಗುತ್ತೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತೆ, ಕಣ್ಣು ಉರಿಸೋ ವಾಸನೆ ಬರುತ್ತೆ, ಇಂಜಿನ್ ಮಾತ್ರ ಹಿಡಿಯಲ್ಲ. ಆ ಹೊಗೆ ಅಂದರೆ ಉರಿಯದೆ ಆಚೆ ಬಂದ ಡೀಸೆಲ್. ಎಣ್ಣೆ ತಲುಪಿದೆ, ಶಾಖ ಸಾಲದು ಅಂತ ಅರ್ಥ.

ಮೂರು ಚಳಿಗಾಲ ಎರಡು ಇಂಜಿನ್ ಮೇಲೆ ನಾನು ಬೇರೆ ಬೇರೆ ದಾರಿ ಪ್ರಯತ್ನಿಸಿದೆ. ಒಂದು ಹಳೆಯ ಪಿಕಪ್‌ನದು, ನಾಲ್ಕು ಸಿಲಿಂಡರ್, ಹೀಟರ್ ಪ್ಲಗ್ (ಸಿಲಿಂಡರ್ ಒಳಗೆ ಕೆಂಪಗೆ ಕಾಯೋ ಕರೆಂಟ್ ಕಡ್ಡಿ) ಇದೆ. ಇನ್ನೊಂದು ಟ್ರ್ಯಾಕ್ಟರ್‌ನದು, ಡೈರೆಕ್ಟ್ ಇಂಜೆಕ್ಷನ್ (ಡೀಸೆಲ್ ನೇರ ಸಿಲಿಂಡರ್ ಒಳಗೇ ಚಿಮ್ಮುತ್ತೆ), ಹೀಟರ್ ಪ್ಲಗ್ ಇಲ್ಲ.

ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಹದಿನೈದಿಪ್ಪತ್ತು ಪಟ್ಟು ಒತ್ತಿದಾಗ ಹುಟ್ಟೋ ಕಾವಲ್ಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಅದು ತಾನಾಗಿ ಹೊತ್ತೋಕೆ ಸುಮಾರು 210 ಡಿಗ್ರಿ ಬೇಕು. ತಣ್ಣಗಿರೋ ಕಬ್ಬಿಣ ಆ ಕಾವನ್ನು ಹೀರಿಬಿಡುತ್ತೆ. ಸೆಲ್ಫ್ ನಿಧಾನವಾದಷ್ಟೂ ಹೀರೋಕೆ ಹೆಚ್ಚು ಸಮಯ ಸಿಗುತ್ತೆ, ಪಿಸ್ಟನ್ ಸುತ್ತಲಿನ ರಿಂಗ್ ಸಂದಿಯಿಂದ ಒತ್ತಡವೂ ಸೋರುತ್ತೆ.

ಹಾಗಾಗಿ ಮೊದಲು ನೋಡಬೇಕಾದ್ದು ಬ್ಯಾಟರಿ ಮತ್ತು ಆಯಿಲ್. ಇದನ್ನು ನಾನು ತಡವಾಗಿ ಕಲಿತೆ. ಮೊದಲ ಚಳಿಗಾಲ ಪೂರ್ತಿ ಹೀಟರ್ ಪ್ಲಗ್ ಸರಿಯಿಲ್ಲ ಅಂದುಕೊಂಡಿದ್ದೆ. ನಿಜವಾದ ತೊಂದರೆ ಇದ್ದದ್ದು ಅರ್ತ್ ವೈರ್ ಇಂಜಿನ್‌ಗೆ ಕೂರೋ ಜಾಗದಲ್ಲಿ, ತುಕ್ಕು ಹಿಡಿದು ಪುಡಿಪುಡಿ ಆಗಿತ್ತು. ಉಜ್ಜಿ ಬಿಗಿ ಮಾಡಿದ ಮಾರನೇ ದಿನವೇ ಸೆಲ್ಫ್ ಸದ್ದು ಬದಲಾಯಿತು. ಲೆಡ್ ಆಸಿಡ್ ಬ್ಯಾಟರಿ ಮೈನಸ್ 18ರಲ್ಲಿ ತನ್ನ ಶಕ್ತಿಯ ಹೆಚ್ಚುಕಡಿಮೆ ಅರ್ಧ ಮಾತ್ರ ಕೊಡುತ್ತೆ, ಅದೇ ಹೊತ್ತಿಗೆ ಇಂಜಿನ್ ಕೇಳೋದು ಜಾಸ್ತಿ. ಬ್ಯಾಟರಿ ಮೇಲೆ ಬರೆದಿರೋ ಸಿಸಿಎ (ಚಳಿಯಲ್ಲಿ ಸೆಲ್ಫ್ ತಿರುಗಿಸೋಕೆ ಕೊಡಬಲ್ಲ ಕರೆಂಟ್) ಅಂಕಿ ಆ ಮೈನಸ್ 18ರ ಲೆಕ್ಕದ್ದೇ, ಕೊಳ್ಳುವಾಗ ಅದನ್ನು ನೋಡಿ. ಆಯಿಲ್ 15W-40 ಇದ್ದದ್ದನ್ನು, ಮ್ಯಾನ್ಯುಯಲ್‌ನಲ್ಲಿ ಒಪ್ಪಿಗೆ ಇದೆ ಅಂತ ನೋಡಿಕೊಂಡು, 5W-40ಗೆ ಬದಲಾಯಿಸಿದೆ (W ಮುಂದಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತೆ). ಡಿಪ್‌ಸ್ಟಿಕ್ ತೆಗೆದು ನೋಡಿದರೇ ವ್ಯತ್ಯಾಸ ಕಾಣುತ್ತೆ: ಹಳೆಯದು ಜೇನಿನ ಹಾಗೆ ಅಂಟಿ ನಿಂತಿರುತ್ತಿತ್ತು, ಹೊಸದು ತೊಟ್ಟಿಕ್ಕುತ್ತೆ. ಇವೆರಡೂ ಸರಿಯಾದ ಮೇಲಷ್ಟೇ ಮುಂದಿನ ಹೋಲಿಕೆಗೆ ಬೆಲೆ.

ಪಿಕಪ್‌ನ ಹೀಟರ್ ಪ್ಲಗ್ ಹಳೇ ಕಾಲದ್ದು, ಕಾಯೋಕೆ 20 ಸೆಕೆಂಡ್ ಬೇಕು. ಮೈನಸ್ 10ರ ತನಕ ಒಂದು ಸಲ ಕಾಯಿಸಿದರೆ ಸಾಕಾಗುತ್ತಿತ್ತು. ಅದಕ್ಕಿಂತ ಕೆಳಗೆ ಎರಡು ಸಲ. ಮೈನಸ್ 20 ಹತ್ತಿರ ಬಂದಾಗ ನಂಬೋ ಹಾಗಿಲ್ಲ. ಹಿಡಿದರೂ ಮೂರೇ ಸಿಲಿಂಡರ್ ಹಿಡಿದು ಗಾಡಿ ಅಲುಗಾಡುತ್ತೆ. ಒಂದು ದಿನ ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಮೂರು ಪ್ಲಗ್ ಒಂದು ಓಮ್ ಆಸುಪಾಸು ತೋರಿಸಿದವು, ನಾಲ್ಕನೆಯದು ಏನೂ ತೋರಿಸಲಿಲ್ಲ, ಸುಟ್ಟುಹೋಗಿತ್ತು. ಬೇಸಿಗೆಯಲ್ಲಿ ಇದು ಗೊತ್ತೇ ಆಗಲ್ಲ. ಚಳಿ ಶುರುವಾಗೋ ಮುಂಚೆ ಹತ್ತು ನಿಮಿಷ ಕೊಟ್ಟು ಎಲ್ಲ ಪ್ಲಗ್ ಚೆಕ್ ಮಾಡಿ, ದಯವಿಟ್ಟು.

ಟ್ರ್ಯಾಕ್ಟರ್‌ಗೆ ಮೊದಲು ಈಥರ್ ಸ್ಪ್ರೇ, ಅಂದರೆ ಬಲು ಬೇಗ ಹೊತ್ತೋ ದ್ರವ, ಗಾಳಿ ಒಳಗೆ ಹೋಗೋ ದಾರಿಗೆ ಹೊಡೆದೆ. ಎರಡೇ ಸುತ್ತಿಗೆ ಎದ್ದಿತು. ಬರೀ ವೇಗ ನೋಡಿದರೆ ಇದಕ್ಕೆ ಸಾಟಿ ಇಲ್ಲ. ಆದರೆ ಆ ಮೊದಲ ಕ್ಷಣದ ಸದ್ದು, ಸುತ್ತಿಗೆಯಲ್ಲಿ ಬ್ಲಾಕ್‌ಗೆ ಹೊಡೆದ ಹಾಗೆ, ಇನ್ನೂ ಕಿವಿಯಲ್ಲಿದೆ. ಈಥರ್ ಸುಮಾರು 160 ಡಿಗ್ರಿಗೇ ಹೊತ್ತುತ್ತೆ. ಡೀಸೆಲ್ ಆದರೆ ಪಂಪ್ ಬಿಟ್ಟಾಗ ಮಾತ್ರ ಒಳಗೆ ಬರುತ್ತೆ. ಈಥರ್ ಗಾಳಿ ಜೊತೆ ಮೊದಲೇ ಒಳಗಿರುತ್ತೆ, ಪಿಸ್ಟನ್ ಇನ್ನೂ ಮೇಲೆ ಏರುತ್ತಿರುವಾಗಲೇ ಸಿಡಿದು ಅದನ್ನು ಕೆಳಗೆ ದಬ್ಬುತ್ತೆ. ರಿಂಗ್ ಮುರಿಯೋದು, ಪಿಸ್ಟನ್ ಒಡೆಯೋದು ಹೀಗೇ. ರಿಂಗ್ ಸವೆದರೆ ಕಂಪ್ರೆಶನ್ ಇಳಿಯುತ್ತೆ, ಮುಂದಿನ ಚಳಿಗೆ ಇನ್ನಷ್ಟು ಈಥರ್ ಬೇಕಾಗುತ್ತೆ. ಹೀಟರ್ ಪ್ಲಗ್ ಅಥವಾ ಇನ್‌ಟೇಕ್ ಹೀಟರ್ (ಒಳಗೆ ಹೋಗೋ ಗಾಳಿಯನ್ನು ಕಾಯಿಸೋದು) ಇರೋ ಇಂಜಿನ್‌ಗಂತೂ ಇದನ್ನು ಹೊಡೆಯಲೇಬಾರದು. ಕೆಂಪಗೆ ಕಾದ ತಂತಿ ಮೇಲೆ ಈಥರ್ ಬಿದ್ದರೆ ಪಿಸ್ಟನ್ ಅಲುಗೋ ಮುಂಚೆಯೇ ಬೆಂಕಿ. ಪಿಕಪ್ ಹತ್ತಿರಕ್ಕೂ ಆ ಡಬ್ಬಿ ತರಲಿಲ್ಲ.

ಎರಡನೇ ಚಳಿಗಾಲಕ್ಕೆ ಟ್ರ್ಯಾಕ್ಟರ್‌ಗೆ ಬ್ಲಾಕ್ ಹೀಟರ್ ಹಾಕಿಸಿದೆ, 750 ವ್ಯಾಟ್‌ದು. ಬ್ಲಾಕ್ ಪಕ್ಕದಲ್ಲಿ ಒಂದು ಫ್ರಾಸ್ಟ್ ಪ್ಲಗ್ (ತೂತು ಮುಚ್ಚಿರೋ ಲೋಹದ ಬಿಲ್ಲೆ) ತೆಗೆದು ಆ ತೂತಲ್ಲಿ ಕೂರಿಸುತ್ತಾರೆ, ಕಾಯೋ ಕಡ್ಡಿ ಕೂಲಂಟ್‌ನಲ್ಲಿ, ಅಂದರೆ ಇಂಜಿನ್ ತಣಿಸೋ ದ್ರವದಲ್ಲಿ, ಮುಳುಗಿರುತ್ತೆ. ಮೊದಲ ದಿನ ಮೂರು ಗಂಟೆ ಬಿಟ್ಟು ಟ್ಯಾಪೆಟ್ ಕವರ್ ಮೇಲೆ ಕೈ ಇಟ್ಟೆ. ಬಾನೆಟ್ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು, ಅಂಗೈ ಕೆಳಗೆ ಮಾತ್ರ ಬೆಚ್ಚಗೆ. ಕೀ ತಿರುಗಿಸಿದೆ, ಬೇಸಿಗೆಯ ಬೆಳಗ್ಗೆ ಥರ ಹಿಡಿಯಿತು. ಬಿಳಿ ಹೊಗೆ ಒಂದು ಎಳೆ ಬಂದು ನಿಂತಿತು.

ರಾತ್ರಿಯಿಡೀ ಹಾಕಿಟ್ಟೂ ನೋಡಿದೆ. ಮೂರು ಗಂಟೆಗೂ ಎಂಟು ಗಂಟೆಗೂ ಸ್ಟಾರ್ಟ್ ಆಗೋದರಲ್ಲಿ ಏನೂ ವ್ಯತ್ಯಾಸ ಸಿಗಲಿಲ್ಲ. ಒಂದು ಹಂತ ಆದ ಮೇಲೆ ಒಳಗೆ ಹೋದಷ್ಟೇ ಶಾಖ ಗಾಳಿಗೆ ಹೋಗುತ್ತಿರುತ್ತೆ. ಟೈಮರ್ ಹಾಕಿದರೆ ಸಾಕು. ಕೂಲಂಟ್ ತುಂಬಿ, ಗಾಳಿ ತೆಗೆಯೋ ತನಕ ಮಾತ್ರ ಕರೆಂಟ್ ಕೊಡಬೇಡಿ, ಕಡ್ಡಿ ಸುಟ್ಟುಹೋಗುತ್ತೆ. ಇನ್ನೊಂದು ಕೊರತೆ, ಇದು ಕೂಲಂಟ್ ಕಾಯಿಸುತ್ತೆ, ಕೆಳಗಿನ ಆಯಿಲ್ ಚೇಂಬರ್ ಬಹುಪಾಲು ತಣ್ಣಗೇ ಇರುತ್ತೆ. ಸ್ಟಾರ್ಟ್ ಆದ ತಕ್ಷಣ ಆಕ್ಸಿಲರೇಟರ್ ಒತ್ತಬಾರದು.

ಪಿಕಪ್ ರಾತ್ರಿ ನಿಲ್ಲೋ ಕಡೆ ಕರೆಂಟ್ ಇಲ್ಲ. ಅದಕ್ಕೆ ಡೀಸೆಲ್‌ನಿಂದಲೇ ಉರಿಯೋ ಕೂಲಂಟ್ ಹೀಟರ್ ಹಾಕಿಸಿದೆ, ವೆಬಾಸ್ಟೊ, ಎಬರ್‌ಸ್ಪೆಷರ್ ಮಾಡೋ ಥರದ್ದು, 5 ಕಿಲೋವ್ಯಾಟ್. ಮುಕ್ಕಾಲು ಗಂಟೆಯಲ್ಲಿ ಇಂಜಿನ್ ಬೆಚ್ಚಗೆ, ಗಾಜಿನ ಮಂಜೂ ಕರಗಿರುತ್ತೆ. ಕೆಲಸದಲ್ಲಿ ಬ್ಲಾಕ್ ಹೀಟರ್‌ಗಿಂತ ಒಂದು ಕೈ ಮೇಲೆ. ಆದರೆ ಖರ್ಚು ಹಲವು ಪಟ್ಟು, ಕೆಟ್ಟರೆ ರಿಪೇರಿಯೂ ಕಷ್ಟ. ಅದರ ಫ್ಯಾನ್, ಪಂಪ್ ಎಲ್ಲ ಬ್ಯಾಟರಿ ಮೇಲೇ ನಡೆಯೋದು, ಬ್ಯಾಟರಿ ಸೋತಿದ್ದರೆ ಹೀಟರೇ ಅದನ್ನು ಮುಗಿಸಿಬಿಡುತ್ತೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರೋದರಿಂದ ಮುಚ್ಚಿದ ಶೆಡ್ ಒಳಗೆ ಹಚ್ಚಲೇಬಾರದು.

ಇಷ್ಟೆಲ್ಲ ಇದ್ದೂ ಒಂದು ಸಲ ಕೈಕೊಟ್ಟಿತು. ಪಿಕಪ್ ಚೆನ್ನಾಗಿ ಸ್ಟಾರ್ಟ್ ಆಗಿ, ಐದು ನಿಮಿಷ ಓಡಿ, ಉಸಿರು ಕಟ್ಟಿದ ಹಾಗೆ ನಿಂತಿತು. ಫಿಲ್ಟರ್ ಬಿಚ್ಚಿದರೆ ಒಳಗೆ ಮಸುಕು ಮೇಣ. ಚಳಿಗೆ ಡೀಸೆಲ್‌ನಲ್ಲಿರೋ ಮೇಣದ ಅಂಶ ಹರಳುಗಟ್ಟಿ ಫಿಲ್ಟರ್ ಕಟ್ಟಿತ್ತು. ಬೇಸಿಗೆಯ ಡೀಸೆಲ್ ಟ್ಯಾಂಕಲ್ಲೇ ಉಳಿದಿತ್ತು, ಯಾವ ಹೀಟರ್ ಇದ್ದು ಏನು ಮಾಡೀತು? ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಫಿಲ್ಟರ್‌ಗೆ ಸುತ್ತಿ, ಹ್ಯಾಂಡ್ ಪಂಪ್ ಒತ್ತಿ ಒತ್ತಿ, ಒಂದು ಗಂಟೆ ಆದ ಮೇಲೆ ಹೊರಟೆ. ಆಂಟಿ ಜೆಲ್ ದ್ರವವನ್ನು ಮೇಣ ಕಟ್ಟೋ ಮುಂಚೆ ಬೆರೆಸಿದರೆ ಮಾತ್ರ ಉಪಯೋಗ, ಕಟ್ಟಿದ್ದನ್ನು ಅದು ಕರಗಿಸಲ್ಲ. ಸೀಮೆಎಣ್ಣೆ ಬೆರೆಸೋರೂ ಇದ್ದಾರೆ. ಮೇಣ ಕಟ್ಟೋದು ತಡವಾಗುತ್ತೆ, ನಿಜ, ಆದರೆ ಜಾರುಗುಣ ಕಡಿಮೆಯಾಗಿ ಇಂಜೆಕ್ಷನ್ ಪಂಪ್ ಸವೆಯುತ್ತೆ. ನಾನು ಬೆರೆಸಲ್ಲ, ಚಳಿಗಾಲದ ಡೀಸೆಲ್ಲನ್ನೇ ಮೊದಲೇ ತುಂಬಿಸುತ್ತೇನೆ.

ಆಯಿಲ್ ಚೇಂಬರ್ ಕೆಳಗೆ ಬೆಂಕಿ ಹಾಕೋದನ್ನು ನಾನು ಪ್ರಯತ್ನಿಸಿಲ್ಲ, ಪ್ರಯತ್ನಿಸೋದೂ ಇಲ್ಲ. ಮೇಲೆ ಸೋರಿದ ಎಣ್ಣೆ, ವೈರ್, ಡೀಸೆಲ್ ಪೈಪ್ ಎಲ್ಲ ಇರುತ್ತೆ.

ಈಗ ಟ್ರ್ಯಾಕ್ಟರ್‌ನ ಟೈಮರ್ ನಾಲ್ಕಕ್ಕೆ ಇಟ್ಟಿರುತ್ತೇನೆ, ಏಳಕ್ಕೆ ಹೊರಡುತ್ತೇನೆ. ಕರೆಂಟ್ ಇರೋ ಕಡೆ ಗಾಡಿ ನಿಲ್ಲಿಸೋರಿಗೆ ನಾನು ಹೇಳೋದು ಬ್ಲಾಕ್ ಹೀಟರ್ ಅಂತಲೇ. ಈಥರ್ ಡಬ್ಬಿಯಲ್ಲಿ ಅರ್ಧ ಉಳಿದಿದೆ, ಎರಡು ವರ್ಷದಿಂದ ಮುಟ್ಟಿಲ್ಲ.