250 ವ್ಯಾಟ್ ಆಂಪ್, ಎಂಟು ಕಾಲಂ, ಎರಡು ಹಾರನ್: ಆರು ವರ್ಷ ಬಳಸಿದ ಮೇಲೆ

ಸಾಗರದ ಕಡೆಯ ನಮ್ಮೂರ ದೇವಸ್ಥಾನದ ಸಭಾಭವನಕ್ಕೆ ಮೈಕ್‌ಸೆಟ್ ಹಾಕಿಸಿ ಈ ದೀಪಾವಳಿಗೆ ಆರು ವರ್ಷ. ಕಂಪನಿ ಹೆಸರು ಬೇಡ, ಈ ದರ್ಜೆಯ ಯಾವ ಆಂಪ್ಲಿಫೈಯರ್‌ಗೂ ಲೆಕ್ಕ ಒಂದೇ. ಆಂಪ್ ಮಟ್ಟಿಗೆ ಹೇಳುವುದಾದರೆ ಗಟ್ಟಿಪಿಂಡ. ಮಳೆಗಾಲದ ಥಂಡಿ, 180ಕ್ಕೆ ಇಳಿಯುವ ವೋಲ್ಟೇಜು, ಗುಂಡಿಯನ್ನು ಕೊನೆವರೆಗೂ ತಿರುಗಿಸುವ ನಮ್ಮ ಯುವಕ ಸಂಘ, ಎಲ್ಲವನ್ನೂ ತಡೆದುಕೊಂಡಿದೆ. ಮೊದಲ ಎರಡು ವರ್ಷದ ರಗಳೆಗೆಲ್ಲ ಕಾರಣ ನಾವು ಅದರ ಮೇಲೆ ಹೇರಿದ್ದ ಭಾರ.

ಹಾಕಿಕೊಟ್ಟ ಮೈಕ್‌ಸೆಟ್‌ನವರು ಎಂಟು ಕಾಲಂಗಳನ್ನೂ (ಗೋಡೆಗೆ ಹಾಕುವ ಉದ್ದನೆಯ ಸ್ಪೀಕರ್) 100 ವೋಲ್ಟ್ ಲೈನಿನಲ್ಲಿ, ಅಂದರೆ ಪ್ರತಿ ಸ್ಪೀಕರ್‌ಗೂ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು ಎಲ್ಲವನ್ನೂ ಒಂದೇ ತಂತಿಗೆ ಸೇರಿಸುವ ಪದ್ಧತಿಯಲ್ಲಿ, 30 ವ್ಯಾಟ್ ಟ್ಯಾಪ್‌ಗೆ (ಎಷ್ಟು ವ್ಯಾಟ್ ಎಳೆಯಬೇಕೆಂದು ಆರಿಸುವ ತುದಿ) ಕಟ್ಟಿದ್ದರು. ಅಲ್ಲಿಗೇ 240. ಜಾತ್ರೆ ಬಂತು, ತೇರಿನ ಬೀದಿಗೆ ಕೇಳಬೇಕೆಂದು 30 ವ್ಯಾಟ್ ಟ್ಯಾಪಿಗೆ ಕಟ್ಟಿದ ಎರಡು ಹಾರನ್ (ಕಹಳೆ ಆಕಾರದ ಸ್ಪೀಕರ್) ಸೇರಿಸಿದೆವು. 300 ಆಯಿತು. ಆಂಪ್ 250ರದ್ದು. ಅರ್ಧ ಗಂಟೆಗೆ ಅದರ ಮೈ ಮುಟ್ಟಲಾಗದಷ್ಟು ಕಾದು, ಮಂಗಳಾರತಿ ಹೊತ್ತಿಗೆ ಫ್ಯೂಸ್ ಹೋಯಿತು. ಫ್ಯೂಸ್ ಬದಲಿಸಿದೆವು, ಮತ್ತೆ ಹೋಯಿತು. ಆಗಲೂ ಯಾರೂ ಕೂಡಿಸಿ ನೋಡಲಿಲ್ಲ, "ಆಂಪೇ ಸರಿಯಿಲ್ಲ" ಅಂತ ತೀರ್ಪು ಕೊಟ್ಟಾಗಿತ್ತು.

ಇದಕ್ಕಿಂತ ದೊಡ್ಡ ಅವಾಂತರ ಮರುವರ್ಷದ್ದು. ಒಂದು ಹಾರನ್ನಿನ ಯೂನಿಟ್, ಅಂದರೆ ಹಿಂದಿನ ಸದ್ದು ಹೊರಡಿಸುವ ಭಾಗ, ಕೆಟ್ಟಿತ್ತು, ಹೊಸದು ತಂದು ನಾನೇ ಏಣಿ ಹತ್ತಿದೆ. ಹಳೆಯದರ ಜೊತೆ ಇದ್ದ ಲೈನ್ ಟ್ರಾನ್ಸ್‌ಫಾರ್ಮರ್ ಡಬ್ಬಿ ತುಕ್ಕು ಹಿಡಿದಿತ್ತು, ಯಾಕೆ ಬೇಕು ಅಂತ ಅದನ್ನು ಬಿಟ್ಟು ನೇರ ಲೈನಿಗೇ ಸುತ್ತಿದೆ. ಯೂನಿಟ್ 16 ಓಮ್. 100 ವೋಲ್ಟ್ ಲೈನಿಗೆ 16 ಓಮ್ ನೇರವಾಗಿ ಸಿಕ್ಕರೆ ಅದು ಕೇಳುವುದು 625 ವ್ಯಾಟ್: 100ರ ವರ್ಗ ಭಾಗಿಸು 16. ಯೂನಿಟ್ಟಿನ ತಾಕತ್ತು 40 ವ್ಯಾಟ್. ಕೆಳಗಿನಿಂದ ಹುಡುಗ "ಹಲೋ" ಅಂದ, ಮೇಲೆ ಒಂದು ಸಲ ಟಪ್ ಅಂತು, ಕರಕಲು ವಾಸನೆ ಏಣಿಯವರೆಗೂ ಬಂತು. ಒಳಗೆ ಹಾಲ್‌ನಲ್ಲೂ ಧ್ವನಿ ಬಿದ್ದುಹೋಯಿತು, ಎಲ್ಲ ಒಂದೇ ಲೈನ್ ತಾನೆ. ಆಂಪ್ ಉಳಿದದ್ದು ನಮ್ಮ ಪುಣ್ಯ.

ಆಮೇಲೆ ಕೂತು ಲೆಕ್ಕ ಹಾಕಿದೆ. ಎಂಟೂ ಕಾಲಂಗಳನ್ನು 15ರ ಟ್ಯಾಪ್‌ಗೆ ಇಳಿಸಿದೆ: 120. ಎರಡು ಹಾರನ್ 60. ಒಟ್ಟು 180. ಶೇಕಡ 20 ಖಾಲಿ ಬಿಡಬೇಕು ಅನ್ನೋ ವಾಡಿಕೆ ಹಿಡಿದರೆ ನಮ್ಮ ಮಿತಿ 200. ವ್ಯಾಟ್ ಅರ್ಧವಾದರೆ ಸದ್ದೂ ಅರ್ಧವಾಗುತ್ತೆ ಅಂತ ಸಮಿತಿಯವರು ಗಾಬರಿಯಾಗಿದ್ದರು. ಅರ್ಧ ವ್ಯಾಟ್ ಅಂದರೆ ಬರೀ 3 ಡೆಸಿಬಲ್, ಭಜನೆಗೆ ಕೂತವರಲ್ಲಿ ಒಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಹಾಲ್ 70 ಅಡಿ ಉದ್ದ, ಎರಡೂ ಗೋಡೆಗೆ ನಾಲ್ಕು ನಾಲ್ಕು ಕಾಲಂ, ಎಲ್ಲಿ ಕೂತರೂ ಹತ್ತಿರದಲ್ಲೇ ಒಂದಿರುತ್ತೆ. ಅಂದಿನಿಂದ ಫ್ಯೂಸ್ ಮುಟ್ಟಿಲ್ಲ.

ವೇದಿಕೆಯ ಎರಡು ದೊಡ್ಡ ಬಾಕ್ಸ್‌ಗಳದ್ದು ಬೇರೆ ಕತೆ. ಬಾಕ್ಸ್ ಹಿಂದೆ 1000 ವ್ಯಾಟ್ ಅಂತ ದಪ್ಪ ಅಕ್ಷರ, ಅದು ಪೀಕ್, ಕ್ಷಣಮಾತ್ರ ತಡೆಯುವಷ್ಟು. ಕೆಳಗೆ ಸಣ್ಣದಾಗಿ 250 ಆರ್‌ಎಂಎಸ್ (ಒಂದೇ ಸಮನೆ ತಡೆಯುವಷ್ಟು), 8 ಓಮ್. ಮನೆಯಲ್ಲಿದ್ದ 100 ವ್ಯಾಟ್ ಆಂಪ್ ಸಾಕು, ಕಡಿಮೆ ಇದ್ದರೆ ಬಾಕ್ಸಿಗೆ ಒಳ್ಳೆಯದೇ ಅಂದುಕೊಂಡಿದ್ದೆವು. ಯಕ್ಷಗಾನದ ದಿನ ಚೆಂಡೆಯ ಮೇಲೆ ಭಾಗವತರ ದನಿ ಏಳಬೇಕು, ಗುಂಡಿ ಪೂರ್ತಿ ತಿರುಗಿಸಿದರು, ಆಂಪ್ ತಾಕತ್ತು ಮೀರಿದೆ ಎಂದು ತೋರಿಸುವ ಕ್ಲಿಪ್‌ನ ಕೆಂಪು ದೀಪ ರಾತ್ರಿಯಿಡೀ ಉರಿಯಿತು. ಬೆಳಗ್ಗೆ ನೋಡಿದರೆ ಎರಡೂ ಬಾಕ್ಸಿನ ಟ್ವೀಟರ್ (ಕೀಚಲು ಸ್ವರದ ಸಣ್ಣ ಸ್ಪೀಕರ್) ಸತ್ತಿದ್ದವು. ತಾಕತ್ತು ಮೀರಿದ ಆಂಪ್ ಅಲೆಯ ತಲೆಯನ್ನು ಚಪ್ಪಟೆ ಮಾಡುತ್ತೆ, ಪೂರ್ತಿ ಚಪ್ಪಟೆಯಾದರೆ 100 ವ್ಯಾಟಿನದ್ದು ಸರಾಸರಿ 200ರ ಹತ್ತಿರ ಹೊರಡಿಸುತ್ತೆ, ಹೆಚ್ಚಿದ್ದರಲ್ಲಿ ಒಂದು ಪಾಲು ಟ್ವೀಟರ್‌ಗೆ ಬಡಿಯುತ್ತೆ. ಈಗ 8 ಓಮ್‌ಗೆ ಚಾನೆಲ್‌ಗೆ 400 ಕೊಡುವ ಆಂಪ್ ಇದೆ, ಕೆಂಪು ದೀಪ ಕಂಡೇ ಇಲ್ಲ. ಆದರೆ ಇದನ್ನು ಸಂಘದ ಹುಡುಗರ ಕೈಗೆ ಕೊಟ್ಟರೆ ಬಾಕ್ಸಿನ ದೊಡ್ಡ ಸ್ಪೀಕರಿನ ಅದುರುವ ಕೋನ್ ಹಾರಿಹೋದೀತು. ಗುಂಡಿ ಪಕ್ಕ ಟೇಪ್ ಅಂಟಿಸಿ ಗೆರೆ ಎಳೆದಿದ್ದೇನೆ.

ದೂರೇ ಇಲ್ಲವೆಂದಲ್ಲ. ಹಾಲ್‌ನ ಆ 250 ವ್ಯಾಟ್ ಆಂಪ್‌ನ ಮೂರನೇ ಮೈಕಿನ ಗುಂಡಿ ನಾಲ್ಕನೇ ವರ್ಷದಿಂದ ಕರಕರ ಅನ್ನುತ್ತೆ. ಹಿಂಬದಿಯ ಸ್ಕ್ರೂಗಳು ಒತ್ತೊತ್ತಾಗಿವೆ, ಕನ್ನಡಕ ಇಲ್ಲದೆ 16 ಓಮ್ ಯಾವುದು, 100 ವೋಲ್ಟ್ ಯಾವುದು ತಿಳಿಯಲ್ಲ. ಬ್ಯಾಟರಿಗೆ ಕಟ್ಟುವ ಅನುಕೂಲ ಇರುವುದು ಮಾತ್ರ ನಮ್ಮಂಥ ಊರಿಗೆ ವರ.

ಆಂಪ್ ಪಕ್ಕ ವ್ಯಾಟ್ ಲೆಕ್ಕದ ಚೀಟಿ ಅಂಟಿಸಿದ್ದೇನೆ. ಹೋದ ತಿಂಗಳು ಅಧ್ಯಕ್ಷರು, "ಭಟ್ರೇ, ಅಡುಗೆಮನೆಗೂ ಒಂದು ಕಾಲಂ ಬೇಕಿತ್ತು" ಅಂದರು. ಚೀಟಿ ನೋಡಿದೆ: 180. ಇನ್ನೊಂದು 15ಕ್ಕೆ ಜಾಗವಿತ್ತು, ಹಾಕಿಕೊಟ್ಟೆ. ಕಡಾಯಿ ಸೌಟಿನ ಸದ್ದಲ್ಲಿ ಅದು ಅಲ್ಲಿ ಯಾರಿಗೂ ಕೇಳುವುದಿಲ್ಲ.